ಮುದ್ದೆಯ ನೆತ್ತಿಯಲ್ಲಿಟ್ಟ ಗುಳಿಗೆ

ನಮ್ಮ ಯಜಮಾನರ ಬಿ.ಪಿ. ಗುಳಿಗೆಯನ್ನು ಹದಿನೈದು ದಿನ ತಿಂದದ್ದು ನಮ್ಮ ಮನೆ ನಾಯಿ. ತಿನ್ನಿಸಿದವಳು ನಾನು. ಇದರಲ್ಲಿ ಡಾಕ್ಟರದೂ ತಪ್ಪಿಲ್ಲ, ಗುಳಿಗೆಯದೂ ತಪ್ಪಿಲ್ಲ.

ತೊಂಬತ್ತರ ಈಚೆಯ ಮಾತು. ಹಾಲು ಕರೆಯುತ್ತಾ ಕೂತಿದ್ದವರು ತಲೆ ಸುತ್ತಿ ಹಸುವಿನ ಕಾಲಿಗೇ ಒರಗಿಬಿಟ್ಟರು. ಪಾಂಡವಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಿನಾ ಬೆಳಗ್ಗೆ ಒಂದು ಗುಳಿಗೆ, ತಪ್ಪಿಸಿದರೆ ಲಕ್ವ ಹೊಡೆದೀತು ಎಂದರು ಡಾಕ್ಟರು. ಲಕ್ವ ಎಂದರೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಇವರ ಅಣ್ಣ ಒಂದು ಕೈ, ಒಂದು ಕಾಲು ಬಿದ್ದುಹೋಗಿ ಎರಡು ವರ್ಷ ಮಲಗಿದ್ದಾಗ ಬಾಯಿಗೆ ಗಂಜಿ ಹಾಕಿದವಳು ನಾನೇ.

ಯಜಮಾನರು ಮಾತ್ರ ಗುಳಿಗೆ ಮುಟ್ಟಲೊಲ್ಲರು.

"ಸುರು ಮಾಡುದ್ರೆ ಸಾಯೋಗಂಟ ಬುಡಂಗಿಲ್ವಂತೆ. ನಂಗ್ಯಾಕಮ್ಮಿ ಆ ಉರುಳು?"

ನಾನೂ ಹಠದವಳೇ. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುವುದು. ಗುಳಿಗೆಯನ್ನು ಮುದ್ದೆಯ ನೆತ್ತಿಯಲ್ಲಿ ಒತ್ತಿ, ಒದ್ದೆ ಕೈಯಲ್ಲಿ ಸವರಿ, ಜಗುಲಿಗೆ ತಟ್ಟೆ ಕೊಟ್ಟು ಒಲೆ ಮುಂದೆ ಬಂದುಬಿಡುತ್ತಿದ್ದೆ. ಹಸಿದವರು, ಮೊದಲ ತುತ್ತಿಗೇ ಒಳಗೆ ಹೋಗುತ್ತದೆ ಎಂದು ನನ್ನ ಅಂದಾಜು.

ಹದಿನೈದು ದಿನ ಬಿಟ್ಟು ಹೋದರೆ ಒತ್ತಡ ಚೂರೂ ಇಳಿದಿರಲಿಲ್ಲ. "ಗುಳಿಗೆ ತಗೊಂಡ್ರಾ?" ಎಂದರು ಡಾಕ್ಟರು. "ದಿನಾ ತಿಂತಾವ್ರೆ" ಎಂದೆ ನಾನು. ಬೈಗುಳ ತಪ್ಪಿಸಲು ಹೆಂಡತಿ ಸುಳ್ಳು ಹೇಳಿದಳೆಂದು ಯಜಮಾನರಿಗೆ ಒಳಗೊಳಗೇ ಖುಷಿ. ಡಾಕ್ಟರು ಇನ್ನೂ ಜೋರಾದ ಗುಳಿಗೆ ಬರೆದುಕೊಟ್ಟರು.

ಇವರನ್ನು ಸೀಟು ಹಿಡಿಯಲು ಬಸ್ಸಿಗೆ ಹತ್ತಿಸಿ, ಎದುರಿನ ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಮಗನ ವಯಸ್ಸಿನವನು; ಇವರ ಅಣ್ಣನಿಗೂ ಅವನಲ್ಲೇ ಔಷಧಿ ಒಯ್ಯುತ್ತಿದ್ದೆ. ಚೀಟಿ ನೋಡಿದ, ಗುಳಿಗೆ ತೆಗೆಯಲಿಲ್ಲ.

"ಅವ್ವ, ಗೌಡ್ರು ಹಳೇ ಗುಳಿಗೆ ನುಂಗಿದ್ದ ಕಂಡಿದ್ದೀಯಾ?"

"ಮುದ್ದೇಲಿಟ್ಟು ಕೊಡ್ತೀನಿ ಕಣಪ್ಪ. ತಿಂದೇ ತಿಂತಾರೆ."

"ನಾ ಕೇಳಿದ್ದು ಕಂಡಿದ್ದೀಯಾ ಅಂತ. ನಾಳೆ ನಿಂತ್ಕೊಂಡು ನೋಡು. ಆಮೇಲೆ ಈ ಚೀಟಿ ವಿಸ್ಯ ಮಾತಾಡುವ."

ಮಾರನೆಯ ದಿನ ಬಾಗಿಲ ಮರೆಯಲ್ಲಿ ನಿಂತೆ. ಯಜಮಾನರು ಮುದ್ದೆಯ ನೆತ್ತಿ ಮುರಿದು ಮೊದಲ ತುತ್ತನ್ನು ನಾಯಿಗೆ ಎಸೆದರು. ಅದೂ ಅಗಿಯಲಿಲ್ಲ. ನಾಯಿಗೆ ಹಾಕುವುದು ಗೊತ್ತಿತ್ತು, ಕಡೆಯ ತುತ್ತು ಎಂದುಕೊಂಡಿದ್ದೆ. ಈಚೆಗೆ ಪೋಸ್ಟಿನವನು ಬಂದರೂ ಅದು ತಲೆ ಎತ್ತದೆ ಮಲಗಿರುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಮೊದಲು ನಕ್ಕೆ. ಆಮೇಲೆ ಬೈದೆ. ಕೈ ತೊಳೆದವರನ್ನು ಹಾಗೇ ಬಸ್ಸಿಗೆ ಹತ್ತಿಸಿ ಅಂಗಡಿ ಮುಂದೆ ನಿಲ್ಲಿಸಿ, ನಾಯಿಯ ಕಥೆಯನ್ನೂ ಇವರ ಉರುಳಿನ ಮಾತನ್ನೂ ಹೇಳಿದೆ. ಅಂಗಡಿಯವನು ಆ ಕಡೆ ತಿರುಗಿ ನಕ್ಕು, ಈ ಕಡೆ ತಿರುಗಿದ.

"ಗೌಡ್ರೇ, ನೆನ್ನೆ ಹಾಕಿದ್ದೆ ಅಂತ ಇವತ್ತು ಹಸುಗೆ ಮೇವು ಹಾಕದೆ ಬುಡ್ತೀರಾ?"

"ಅದೆಂಗಾಯ್ತದೆ?"

"ಇದೂ ಅಂಗೇಯ. ಬುಟ್ರೆ ನಿಮ್ಮಣ್ಣನ ಬಾಯಿಗೆ ಹಾಕ್ದಂಗೆ ಅವ್ವ ನಿಮ್ಮ ಬಾಯಿಗೂ ಗಂಜಿ ಹಾಕ್ಬೇಕಾಯ್ತದೆ."

ಯಜಮಾನರು ತಮ್ಮ ಬಲಗೈಯನ್ನು ಒಮ್ಮೆ ಮಡಚಿ ಬಿಚ್ಚಿ ನೋಡಿಕೊಂಡರು. ಆಮೇಲೆ, "ನಾಯಿಗೇನೂ ಆಗಕ್ಕಿಲ್ವಾ?" ಎಂದರು.

"ನಾಳೆಗೂ ಮಂಕಾಗೇ ಇದ್ರೆ ದನದ ಡಾಕ್ಟರಿಗೆ ತೋರ್ಸಿ. ಅವ್ವ, ನೀನೂ ಕೇಳು. ಬಿಸಿ ಮುದ್ದೇಲಿ ಔಷಧಿ ಬಚ್ಚಿಡಬ್ಯಾಡ. ಡೈರಿಗೆ ಹಾಲು ಹಾಕಿ ಬರ್ತಾರಲ್ಲ, ಆಗ ಕೈಗೆ ಕೊಟ್ಟು ನೀರು ಕೊಡು."

ಅವನೇ ನಮ್ಮನ್ನು ಆಸ್ಪತ್ರೆಗೆ ಕಳಿಸಿದ. ನಿಜ ಹೇಳಿದೆವು. ಜೋರು ಗುಳಿಗೆ ಬೇಡ, ಹಳೆಯದೇ ಸಾಕು ಎಂದು ಡಾಕ್ಟರು ಚೀಟಿ ಬದಲಾಯಿಸಿದರು.

ಮಾರನೆಯ ಬೆಳಗ್ಗೆ ಅವರು ಹಾಲಿನ ಕ್ಯಾನು ಕೆಳಗಿಡುವ ಮೊದಲೇ ಗುಳಿಗೆ, ನೀರಿನ ಚೊಂಬು ಹಿಡಿದು ಹೊಸ್ತಿಲಲ್ಲಿ ನಿಂತೆ. ನುಂಗಿದರು. ಬಾಯಿ ತೆಗೆಸಿ ನಾಲಿಗೆ ಎತ್ತಿಸಿ ನೋಡಿದೆ. ಆಮೇಲೆ ಮುದ್ದೆಯನ್ನು ಎರಡು ಹೋಳು ಮಾಡಿ, ಒಳಗೇನೂ ಇಲ್ಲವೆಂದು ಅವರಿಗೂ ನಾಯಿಗೂ ತೋರಿಸಿ ಬಡಿಸಿದೆ.