ನಾಯಕ ಬಿಸಾಡಿದ ಚಪಾತಿ

ಮಾಚೇನಹಳ್ಳಿಯ ಫ್ಯಾಕ್ಟರಿ ಕೆಲಸಕ್ಕೆ ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗುತ್ತಾ, ಹೈಸ್ಕೂಲಿನಲ್ಲಿ ಓದಿದ್ದ ಯುದ್ಧದ ಕಾದಂಬರಿಯನ್ನು ಅದೇ ಹಳೇ ಪ್ರತಿಯಲ್ಲಿ ಮತ್ತೆ ಓದುತ್ತಿದ್ದೆ. ಪಕ್ಕದ ಸೀಟಿನ ಹಿರಿಯರೂ ಇಣುಕಿ ಇಣುಕಿ ಓದುತ್ತಿದ್ದರು. ಮಿಲಿಟರಿಯಲ್ಲಿ ಅಡುಗೆಯವರಾಗಿದ್ದರಂತೆ.

“ಆಗಿನಿಂದ ನೋಡ್ತಿದೀನಿ, ಒಬ್ರೂ ಊಟ ಮಾಡ್ಲಿಲ್ವಲ್ಲ ಮಾರಾಯ್ರೇ?” ಅಂದರು.

ನನಗೂ ಹಟ ಬಂತು. ಪುಟ ತಿರುವಿ, ನಾಯಕ ಕೈಯಲ್ಲಿದ್ದ ಚಪಾತಿ ಬಿಸಾಡಿ ಬಂದೂಕು ಹಿಡಿದು ಓಡುವ ಸಾಲು ತೋರಿಸಿದೆ. ಶೌರ್ಯ ಅಂದ್ರೆ ಇದು ಅಂತ ನಮ್ಮ ಮೇಷ್ಟ್ರು ಪೆನ್ಸಿಲಿನಲ್ಲಿ ಗೆರೆ ಎಳೆಸಿದ್ದ ಸಾಲು ಅದು.

ಹಿರಿಯರ ಮುಖ ಕೆಂಪಾಯಿತು. “ಬಿಸಾಡಿದ್ನಾ? ಜೇಬಲ್ಲಿ ಇಟ್ಕೊಂಡು ಓಡೋಕೆ ಏನಾಗಿತ್ತು ಇವನಿಗೆ?”

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಮ್ಯಾನೇಜರ್ ಅರ್ಜೆಂಟಾಗಿ ಫೋನ್ ಮಾಡಿದರು. ಕೈಯಲ್ಲಿದ್ದ ಚಪಾತಿ ಮುಗಿಸಿಯೇ ಎತ್ತಿದೆ.