ನ್ಯೂ ಟೌನಿನಲ್ಲಿ ಹೊಸಕ್ಕಿ ಊಟ

ಐದೂವರೆಗೆ ಎದ್ದು ಹಾಲು ಕಾಯಿಸಿ, ಇವರಿಗೆ ಕಾಫಿ ಕೊಟ್ಟು, ನಲ್ಲಿ ನಿಲ್ಲುವ ಮೊದಲು ಎರಡು ಬಕೆಟ್ ನೀರು ತುಂಬಿಸಿದೆ. ಬಂಗಾಳಿಗಳ ಈ ಊರಿನಲ್ಲಿ, ಲೇಕ್ ಮಾರ್ಕೆಟಿನ ಹಿಂದಿನ ನಮ್ಮ ಮನೆಯಲ್ಲಿ ಎಲ್ಲ ದಿನಗಳೂ ಹೀಗೇ ಶುರುವಾಗುತ್ತವೆ. ಆ ದಿನ ಹೆಚ್ಚಿಗೆ ಮಾಡಿದ್ದು ಇಷ್ಟು: ಆರೂವರೆಯ ಪೂಜೆಗೆ ಇಗರ್ಜಿಗೆ ಹೋಗಿ, ಪಾದ್ರಿಗಳು ಹರಸಿದ ಮೂರು ಭತ್ತದ ತೆನೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದೆ. ಸೆಪ್ಟೆಂಬರ್ ಎಂಟು, ಮರಿಯಮ್ಮನವರ ಹುಟ್ಟುಹಬ್ಬ. ಉಡುಪಿ ಕಡೆಯ ನಮ್ಮಂಥ ಕ್ರೈಸ್ತರಿಗೆ ತೆನೆ ಹಬ್ಬ. ಹೊಸ ಅಕ್ಕಿಯ ನಾಲ್ಕು ಕಾಳನ್ನು ಪುಡಿ ಮಾಡಿ ಪಾಯಸಕ್ಕೆ ಹಾಕಿ, ಮಧ್ಯಾಹ್ನ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಮಾಂಸ, ಮೀನು ಇಲ್ಲ. ತರಕಾರಿ ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು: ಐದು, ಏಳು, ಒಂಬತ್ತು. ಯಾಕೆ ಎಂದು ನನ್ನ ಅಮ್ಮನಿಗೂ ಗೊತ್ತಿರಲಿಲ್ಲ.

ಮಗಳು ಶೈಲಾಗೆ ರಜೆ ಸಿಗಲಿಲ್ಲ. ನ್ಯೂ ಟೌನಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿ ಅವಳಿಗೆ ಇನ್ನೂ ಮೂರು ತಿಂಗಳು. ಊಟವನ್ನೇ ಅಲ್ಲಿಗೆ ತರುತ್ತೇನೆಂದಾಗ ಮುಖ ಚಿಕ್ಕದು ಮಾಡಿಕೊಂಡಿದ್ದಳು.

"ಆಫೀಸಲ್ಲಿ ಯಾರೂ ಅವರವರ ದೇವರನ್ನ ಹೊತ್ಕೊಂಡು ಬರಲ್ಲಮ್ಮ. ಗೇಟ್ ಹತ್ರ ಬರ್ತೀನಿ, ಒಂದು ಸ್ಪೂನ್ ತಿಂದು ಓಡ್ತೀನಿ. ಪ್ಲೀಸ್."

"ಕ್ಯಾಂಟೀನಿನಲ್ಲಿ ಊಟಕ್ಕೆ ಮುಂಚೆ ಶಿಲುಬೆ ಗುರುತಾದರೂ ಹಾಕ್ತೀಯಾ?"

"ಮನಸ್ಸಲ್ಲೇ ಹಾಕ್ಕೋತೀನಿ."

ಆ 'ಮನಸ್ಸಲ್ಲೇ' ಎಂಬುದು ರಾತ್ರಿಯಿಡೀ ನನ್ನನ್ನು ಚುಚ್ಚಿತ್ತು. ಇಷ್ಟು ವರ್ಷ ಅವಳಿಲ್ಲದೆ ಹೊಸಕ್ಕಿ ಉಂಡವರಲ್ಲ ನಾವು. ಒಂದು ಚಮಚ ಪಾಯಸ ಅವಳ ಬಾಯಿಗೆ ಬೀಳುವುದೇನೋ ಖಂಡಿತವಿತ್ತು. ಹಬ್ಬ ತನ್ನದೆಂದು ನಾಲ್ಕು ಜನರ ಎದುರು ಅವಳು ಹೇಳಿಕೊಳ್ಳುತ್ತಾಳೋ ಇಲ್ಲವೋ ಎಂಬುದೇ ನನ್ನ ಸಂಕಟ.

ಕೆಸುವಿನ ದಂಟು, ಬೆಂಡೆ, ಹೀರೆ, ಅಲಸಂದೆ, ಸೌತೆ: ಐದು ಪದಾರ್ಥ. ಜೊತೆಗೆ ಅನ್ನ, ಹೊಸ ಕಾಳು ಬಿದ್ದ ಪಾಯಸ. ಹತ್ತೂವರೆಗೆ, ಉಳಿದ ತೆನೆಯನ್ನು ಸೆರಗಿನಲ್ಲಿಟ್ಟುಕೊಂಡು, ಎರಡು ಕ್ಯಾರಿಯರ್ ಹಿಡಿದು ಬಸ್ ಹತ್ತಿದೆ. ಟಿಕೆಟ್ ಎಂಟು ರೂಪಾಯಿ. ಭಾದ್ರ ಮಾಸದ ಸೆಕೆ ಎಂದರೆ ಬೆವರೂ ಆರದು, ಮಳೆಯೂ ಬಾರದು. ಗಡಿಯಾಹಾಟಿನಲ್ಲಿ ದುರ್ಗಾಪೂಜೆಗೆ ಸೀರೆ ಕೊಳ್ಳುವವರ ನೂಕಾಟ. ಫುಟ್‌ಪಾತಿನ ಮೇಲೆ ಪೆಂಡಾಲಿನ ಬಿದಿರುಗಳು ಆಗಲೇ ಎದ್ದಿದ್ದವು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೆರಗಿನಿಂದ ಇಣುಕುತ್ತಿದ್ದ ತೆನೆ ನೋಡಿ, "ಲಕ್ಷ್ಮೀ ಪೂಜೆಗೆ ಈಗಲೇ ತಂದೆಯಾ?" ಎಂದರು. "ನಮ್ಮ ಮರಿಯಮ್ಮನಿಗೆ" ಎಂದೆ. "ಹಾಗಾದರೆ ನೆಟ್ಟಗೆ ಹಿಡಿ, ಕಾಳು ಉದುರುತ್ತೆ" ಎಂದು ತಮ್ಮ ಚೀಲ ಸರಿಸಿ ಜಾಗ ಮಾಡಿದರು.

ಬೈಪಾಸಿನ ಪಕ್ಕದ ಮೀನಿನ ಕೆರೆಗಳು ಕಳೆದ ಮೇಲೆ ಬಸ್ ಇಳಿದು, ಐವರನ್ನು ತುಂಬಿದ ಆಟೋದಲ್ಲಿ ಆರು ರೂಪಾಯಿ ಕೊಟ್ಟು ನ್ಯೂ ಟೌನ್ ತಲುಪಿದೆ. ಹದಿನಾರು ಕಿಲೋಮೀಟರಿಗೆ ಸರಿಯಾಗಿ ಎರಡು ತಾಸು. ಗಾಜಿನ ಕಟ್ಟಡಗಳು, ಅರ್ಧ ಎದ್ದ ಗೋಪುರಗಳು, ನಡುವೆ ಎದೆಯೆತ್ತರದ ಕಾಶ್ ಹುಲ್ಲಿನ ಬಿಳಿ ಹೂವು. ಇವರು ರೈಲ್ವೆ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ನನಗಿಂತ ಮೊದಲೇ ಬಂದು ಕೊಡೆ ಹಿಡಿದು ನಿಂತಿದ್ದರು.

ಗೇಟಿನ ಕಾವಲುಗಾರ ಕ್ಯಾರಿಯರ್ ನೋಡಿ ಕೈ ಅಡ್ಡ ಹಿಡಿದರು. ನರೆತ ಮೀಸೆ, ಎದೆಯ ಮೇಲೆ 'ಮೊಂಡಲ್' ಎಂದು ಹೆಸರು. "ಹೊರಗಿನ ಊಟ ಒಳಗೆ ಬಿಡೋ ಹಾಗಿಲ್ಲ, ದೀದಿ." ಹೊಸಕ್ಕಿಯ ಹಬ್ಬ, ಮಗಳಿಗೆ ಊಟ ತಂದಿದ್ದೇನೆ ಎಂದೆ. ಅಷ್ಟರಲ್ಲಿ ತೆನೆ ಅವರ ಕಣ್ಣಿಗೆ ಬಿತ್ತು. ಕೈ ಚಾಚಿ ಒಂದು ಕಾಳು ಒತ್ತಿ ನೋಡಿದರು. "ಔಶ್ ಧಾನ್! ಮಳೆಗಾಲದ ಭತ್ತ. ನಿಮ್ಮ ಮಗಳು ಊಟ ಮಾಡೋ ಕ್ಯಾಂಟೀನ್ ಇದೆಯಲ್ಲ, ಅಲ್ಲಿ ನಾವು ಇದನ್ನೇ ಬೆಳೀತಿದ್ದೆವು."

ನಾನು ಕತ್ತೆತ್ತಿ ಆ ಗಾಜಿನ ಕಟ್ಟಡ ನೋಡಿದೆ. ಅವರೇ ರಸ್ತೆಯಾಚೆಯ ಚಹಾ ಅಂಗಡಿಯ ಬೆಂಚು ಒರೆಸಿಸಿ, "ಇಲ್ಲಿ ಯಾರ ರೂಲೂ ಇಲ್ಲ, ಕೂತ್ಕೊಳ್ಳಿ" ಎಂದರು.

ಶೈಲಾ ಒಂದು ಗಂಟೆಗೆ ಬಂದಳು. ಕೊರಳಿನ ಗುರುತಿನ ಚೀಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಗೇಟಿನ ಕಡೆಗೇ ಕಣ್ಣು. ನಾನು ಬೆಂಚಿನ ಮೇಲೆ ಐದು ಡಬ್ಬಿ ಸಾಲಾಗಿಟ್ಟೆ. ಆಗ ಮೊಂಡಲ್ ಬಾಬು ತಮ್ಮ ಬುತ್ತಿಯಿಂದ ಹುರಿದ ಬದನೆಕಾಯಿ ತಂದು ಡಬ್ಬಿಗಳ ಪಕ್ಕಕ್ಕೇ ಇಟ್ಟರು. "ಹೊಸ ಅಕ್ಕಿಗೆ ಬರಿಗೈಲಿ ಬರಬಾರದು ಅಂತ ನಮ್ಮಲ್ಲಿ."

ಆರು!

ನಾನು ಇವರ ಮುಖ ನೋಡಿದೆ. ಇವರು ಬದನೆಕಾಯಿ ನೋಡಿದರು. ಬೇಡವೆನ್ನಲು ಬಾಯಿ ಬರುತ್ತದೆಯೇ? ಹಾಗೆಂದು ಹಬ್ಬದ ಎಲೆಗೆ ಆರು ಬಡಿಸಲು ಕೈಯೂ ಏಳದು.

"ಒಂದು ತೆಗೆದು ಬ್ಯಾಗಿಗೆ ಹಾಕು ಮಾರಾಯ್ತಿ" ಎಂದು ಇವರು ಪಿಸುಗುಟ್ಟಿದರು. ಮೈಸೂರಿನವರು, ನನ್ನನ್ನು ರೇಗಿಸುವಾಗ ಮಾತ್ರ ನಮ್ಮೂರಿನ ಮಾತು.

"ಇಟ್ಟದ್ದನ್ನು ತೆಗೆಯೋದಾ? ಚೆಂದವೇ!"

ಶೈಲಾ ಕಿಸಕ್ಕನೆ ನಕ್ಕಳು. "ಅಮ್ಮ, ನಿನ್ನ ಲೆಕ್ಕ!" ಎಂದು ತಟ್ಟನೆ ಎದ್ದು, "ಇರು, ಬಂದೆ" ಎಂದು ಗೇಟಿನೊಳಗೆ ಹೋದಳು.

ಹತ್ತು ನಿಮಿಷವಾಯಿತು. ಪಾಯಸದ ಮೇಲೆ ಕೆನೆ ಕಟ್ಟಿತು. "ಕೆಲಸ ಬಂದಿರಬೇಕು. ನಾವು ಶುರು ಮಾಡೋಣ್ವಾ?" ಎಂದರು ಇವರು, ನನ್ನ ಕಡೆ ನೋಡದೆ. ತಪ್ಪಿಸಿಕೊಂಡಳು ಎಂದೇ ನಾನೂ ಅಂದುಕೊಂಡೆ.

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. ಮುಂದೆ ಶೈಲಾ, ಹಿಂದೆ ನಾಲ್ವರು, ಎಲ್ಲರ ಕೈಯಲ್ಲೂ ಡಬ್ಬಿ.

"ಆಂಟಿ, ನಿಮ್ಮ ಫೆಸ್ಟಿವಲ್‌ಗೆ ಒಂದು ತರಕಾರಿ ಕಡಿಮೆ ಬಿದ್ದಿದೆಯಂತೆ! ಶೈಲಾ ಇಡೀ ಫ್ಲೋರ್‌ನಲ್ಲಿ ಕೂಗಿದಳು" ಎಂದು ಹಿಂದಿಯಲ್ಲಿ ಹೇಳುತ್ತ ಒಬ್ಬ ಹುಡುಗಿ ಗಸಗಸೆ ಹಾಕಿದ ಆಲೂ ಇಟ್ಟಳು. ಇನ್ನೊಬ್ಬಳದು ದಪ್ಪ ತೊಂಡೆಕಾಯಿಯಂಥ ಪಟೋಲ್, ಮತ್ತೊಬ್ಬಳದು ಕುಂಬಳಕಾಯಿ. ನಾಲ್ಕನೆಯವನು ಡಬ್ಬಿ ತೆರೆದ ಕೂಡಲೇ ಶೈಲಾ ಮುಚ್ಚಿಸಿದಳು. "ಇಲಿಶ್! ಮೀನು ಇವತ್ತು ಇಲ್ಲ ಅಂದೆನಲ್ಲ!"

"ಕ್ರಿಶ್ಚಿಯನ್ ಹಬ್ಬ, ಮೀನೂ ಇಲ್ವಾ? ಇದೆಂಥ ಅನ್ಯಾಯ!" ಎಂದು ಅವನು ನಿಜಕ್ಕೂ ಗಾಬರಿಯಾದ. ಇವರು ಅವನ ಬೆನ್ನು ತಟ್ಟಿದರು. "ಇಪ್ಪತ್ತೈದು ವರ್ಷದಿಂದ ನಾನೂ ಅದನ್ನೇ ಕೇಳ್ತಿದ್ದೀನಿ, ಬಾ ಕೂತ್ಕೋ."

ಎಲ್ಲರೂ ಸೇರಿ ಬಂಗಾಳಿಯಲ್ಲಿ ಜೋರಾಗಿ ಎಣಿಸಿದರು. ಒಂಬತ್ತು! ಚಹಾ ಅಂಗಡಿಯವನೂ ಚಪ್ಪಾಳೆ ತಟ್ಟಿದ.

ಊಟದ ಪ್ರಾರ್ಥನೆ ಹಿರಿಯರು ಹೇಳಬೇಕು. ಇಷ್ಟು ಜನರ ನಡುವೆ ಇವರು ದನಿ ತಗ್ಗಿಸಿ "ಪಿತನ, ಸುತನ..." ಎಂದು ಶುರು ಮಾಡಿದರು. ಮುಂದಿನ ಮಾತನ್ನು ಶೈಲಾ ಎತ್ತಿಕೊಂಡಳು. ಹಣೆ, ಎದೆ, ಭುಜ ಮುಟ್ಟಿ ಅಗಲವಾಗಿ ಶಿಲುಬೆ ಗುರುತು ಹಾಕಿ, ಇಗರ್ಜಿಯಲ್ಲಿ ವಾಚನ ಓದುವಷ್ಟೇ ಗಟ್ಟಿಯಾಗಿ ಕನ್ನಡದಲ್ಲಿ ಪ್ರಾರ್ಥಿಸಿದಳು. ಆಮೇಲೆ, ಯಾರೂ ಕೇಳದೆಯೇ, "ಹೊಸ ಬೆಳೆಗೆ ದೇವರಿಗೆ ಥ್ಯಾಂಕ್ಸ್ ಹೇಳಿದೆ. ಬೆಳೆದವರಿಗೂ" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿ, ಮೊದಲ ಚಮಚ ಪಾಯಸವನ್ನು ಮೊಂಡಲ್ ಬಾಬುವಿಗೆ ಕೊಟ್ಟಳು. ಅವರು ಟೋಪಿ ತೆಗೆದು ಎರಡೂ ಕೈಯಲ್ಲಿ ಪಡೆದರು. ರಾಜರ ಮನೆಯ ಊಟಕ್ಕೂ ನಾನು ಅಷ್ಟು ಬೀಗುತ್ತಿರಲಿಲ್ಲ.

ಮರಳುವಾಗ ಬಸ್ ಖಾಲಿಯಿತ್ತು. ಕ್ಯಾರಿಯರ್‌ಗಳೂ ಖಾಲಿ. ಕಿಟಕಿಯಿಂದ ತಿರುಗಿ ನೋಡಿದೆ: ಕಾಶ್ ಹೂವಿನಾಚೆ ಗಾಜಿನ ಗೋಡೆಗಳು ಬಿಸಿಲಿಗೆ ಉರಿಯುತ್ತಿದ್ದವು.

ಸಂಜೆ ಬಟ್ಟೆ ತೆಗೆಯಲು ಮಹಡಿಗೆ ಹೋದಾಗ, ಕೆಳಗಿನ ಮನೆಯ ಪದ್ಮಕ್ಕ ಸಂಡಿಗೆ ಎತ್ತುತ್ತಿದ್ದರು. ಉಡುಪಿಯವರು, ಅವರ ಯಜಮಾನರದು ಅಡುಗೆ ಕಾಂಟ್ರಾಕ್ಟು. ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು: "ನಿಮ್ಮ ಶೈಲಾ ಈಗ ಮೆಟ್ಟಿಲಲ್ಲಿ ಸಿಕ್ಕಿದ್ದಳು ಮಾರಾಯ್ರೆ. ಬರುವ ವರ್ಷ ಅವಳ ಆಫೀಸಿನವರು ಮೂವತ್ತು ಜನವಂತೆ ನಿಮ್ಮ ಹಬ್ಬಕ್ಕೆ. ಬಾಳೆಎಲೆ ನಮ್ಮವರೇ ತರಿಸ್ತಾರೆ, ನೀವು ಮಾರ್ಕೆಟಿನಲ್ಲಿ ತಗೊಳ್ಳಬೇಡಿ, ಅಲ್ಲಿ ಬರೀ ಹರಿದದ್ದು ಕೊಡ್ತಾರೆ."