ಮೇಷ್ಟ್ರ ಎಡಗೈಯಾದ ಶ್ರುತಿಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಗೀತ ಶಾಲೆಯ ಹಜಾರದಲ್ಲಿ ಹಿರಿಯ ಹೆಂಗಸೊಬ್ಬರು ಪಿಯಾನೊದ ಮುಚ್ಚಳ ತೆರೆದು, ತಲೆಯನ್ನು ಒಳಗೇ ತೂರಿಸಿಕೊಂಡು ನಿಂತಿದ್ದಾರೆ. ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತುತ್ತಾರೆ, ಕಿವಿಗೊಡುತ್ತಾರೆ, ತಂತಿಯನ್ನು ಕೂದಲೆಳೆಯಷ್ಟು ಬಿಗಿಯುತ್ತಾರೆ.

"ಮಕ್ಕಳು ಬಂದ್ಮೇಲೆ ನನ್ನ ಕಿವಿ ಕೆಲಸಕ್ಕೆ ಬರಲ್ಲ. ಅವರ ಗಲಾಟೆ ಶುರುವಾಗೋದ್ರೊಳಗೆ ಮುಗಿಸ್ಬಿಡ್ಬೇಕು," ಎನ್ನುತ್ತಾರೆ.

ಪಿಯಾನೊ ಶ್ರುತಿ ಮಾಡುವುದು ಅಪ್ಪನಿಂದ ಬಂದ ಕಸುಬು. ಊರಿಗೆಲ್ಲ ಇವರು ಶ್ರುತಿಯಕ್ಕ. ಈ ಪಿಯಾನೊ ಒಂದು ಕಾಲದಲ್ಲಿ ಮೇಷ್ಟ್ರ ಮನೆಯಲ್ಲಿತ್ತು. ಜಾಸ್ ಸಂಗೀತದ ಹುಚ್ಚಿರುವವರಿಗೆ ಮೇಷ್ಟ್ರೆಂದರೆ ಅವರೊಬ್ಬರೇ. ಅವರು ನುಡಿಸಲು ಕೂತರೆ ಹೋಟೆಲಿನ ಸಪ್ಲೈಯರುಗಳು ತಟ್ಟೆ ಹಿಡಿದು ನಿಂತಲ್ಲೇ ನಿಂತುಬಿಡುತ್ತಿದ್ದರಂತೆ. ಉಳಿದವರು ಬೆರಳು ಓಡಿಸುವ ಕಡೆ ಮೇಷ್ಟ್ರು ಅರೆಗಳಿಗೆ ತಡೆದು ನುಡಿಸುತ್ತಿದ್ದರು. ಆ ತಡೆಯನ್ನು ಕಲಿಯಲು ಎಲ್ಲೆಲ್ಲಿಂದಲೋ ಶಿಷ್ಯರು ಬರುತ್ತಿದ್ದರು.

ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋದಾಗ ಮೇಷ್ಟ್ರು ಶಿಷ್ಯರನ್ನೆಲ್ಲ ಬಾಗಿಲಿಂದಲೇ ವಾಪಸು ಕಳಿಸಿದರು. ಶ್ರುತಿ ಮಾಡಲು ಹೋದ ಶ್ರುತಿಯಕ್ಕನಿಗೂ ಅದೇ ಮರ್ಯಾದೆ.

"'ಇನ್ಯಾರಿಗಮ್ಮ ಶ್ರುತಿ? ಮಾರ್ಬಿಡು ಇದನ್ನ' ಅಂದ್ರು. 'ಮಾರೋಕಾದ್ರೂ ಶ್ರುತಿ ಸರಿಯಿರ್ಬೇಕಲ್ಲ ಮೇಷ್ಟ್ರೇ' ಅಂತ ಕೂತ್ಕೊಂಡೇಬಿಟ್ಟೆ."

ಕೆಲಸ ಮುಗಿಸಿದ ಶ್ರುತಿಯಕ್ಕ ಪರೀಕ್ಷೆಗೆಂದು ಮೇಷ್ಟ್ರದೇ ರಚನೆಯೊಂದರ ಎಡಗೈ ಭಾಗವನ್ನು ನುಡಿಸಿದರು. ವರ್ಷಗಟ್ಟಲೆ ಆ ಮನೆಗೆ ಹೋಗಿಬಂದು ಕಿವಿಗೆ ಬಿದ್ದದ್ದು, ಅಷ್ಟೆ. ತಪ್ಪಿತು. "ಅಲ್ಲಿ ತಡಿಬೇಕು," ಎಂದರು ಮೇಷ್ಟ್ರು ಕುರ್ಚಿಯಿಂದಲೇ. ಮತ್ತೆ ತಪ್ಪಿತು. ಕೇಳಲಾರದೆ ಅವರು ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ತಪ್ಪು ತೋರಿಸಲು ಚಾಚಿದ ಬಲಗೈ ನುಡಿಸತೊಡಗಿತು. ಅಡುಗೆಮನೆಯಿಂದ ಅವರ ಹೆಂಡತಿ ಒದ್ದೆ ಕೈಯಲ್ಲೇ ಬಂದರು.

"ಅಮ್ಮಾವ್ರು ಸೀದಾ ಹೋಗಿ ಕಿಟಕಿಗಳನ್ನೆಲ್ಲ ತೆಗೆದ್ರು."

ಶಿಷ್ಯರು ಮರಳಿ ಬಂದರು. ಬೆಳಿಗ್ಗೆ ಊರವರ ಪಿಯಾನೊಗಳು, ಸಂಜೆ ಮೇಷ್ಟ್ರ ಮನೆ. ಅವರು ಕಣ್ಮುಚ್ಚುವವರೆಗೂ ಪಾಠದ ಎಡಗೈ ಶ್ರುತಿಯಕ್ಕನದೇ. ಆ ದಿನಗಳಲ್ಲಿ ಇಬ್ಬರೂ ಸೇರಿ ನುಡಿಸಿ ಹೊರತಂದ ಕೊನೆಯ ಧ್ವನಿಮುದ್ರಿಕೆಯ ಮೇಲೆ ಮಾತ್ರ ಮೇಷ್ಟ್ರ ಹೆಸರೊಂದೇ ಇದೆ. ಬೇಸರವಿಲ್ಲವೇ?

"ಹಾಕ್ಸೋಣ ಅಂತ ಅವರೇ ಹಟ ಹಿಡಿದಿದ್ರು, ನಾನೇ ಬೇಡ ಅಂದೆ. ಹಾಕ್ಸಿದ್ರೆ ಜನ ಕನಿಕರದಿಂದ ಕೇಳೋರು," ಎಂದು ಹೇಳಿ, ತಂತಿಗಳ ಮೇಲಿನ ಧೂಳು ಒರೆಸುತ್ತಾರೆ. ಆಮೇಲೆ ನಗು ತಡೆಯಲಾಗುವುದಿಲ್ಲ.

"ಕೈ ಬಿದ್ದಿದ್ದು ಗೊತ್ತಿಲ್ಲದ ಹಳೇ ಸ್ನೇಹಿತರೊಬ್ರು ಅದನ್ನ ಕೇಳಿ ಮೇಷ್ಟ್ರಿಗೆ, 'ನಿನ್ನ ಎಡಗೈ ಮೊದಲಿಗಿಂತ ಪಳಗಿದೆ ಕಣಯ್ಯ' ಅಂದ್ಬಿಟ್ರಂತೆ. ಆವತ್ತು ಸಂಜೆ ಪೂರ್ತಿ ಮೇಷ್ಟ್ರು ನನ್ನ ಜೊತೆ ಮಾತೇ ಆಡ್ಲಿಲ್ಲ."